ಗಾಲಿಯ ಮೇಲಣ ಬಿಡಾರ

ಕನ್ನಡದ ‘ಬಿಡು’ ಧಾತುವಿನಿಂದ ಹುಟ್ಟಿದ ಮಾತುಗಳನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಬೇಕು. ದಂಡು ಇಳಿದುಕೊಂಡ ತಾಣ ‘ಬೀಡು’. ಅರಸನ ಸ್ಥಿರವಾದ ರಾಜಧಾನಿಗೂ ನಮ್ಮ ಶಾಸನಗಳು ‘ನೆಲೆವೀಡು’ ಎಂದೇ ಹೆಸರಿಟ್ಟಿವೆ. ಎಂದರೆ ಅರಮನೆಯೂ ಮೂಲದಲ್ಲಿ ಒಂದು ಇಳಿದಾಣವೇ. ದಾರಿಗರು ತಂಗುವ ಎಡೆ ‘ಬಿಡಾರ’, ಮದುವೆಗೆ ಬಂದ ಬೀಗರನ್ನು ಇಳಿಸುವ ಮನೆ ‘ಬಿಡದಿ’, ಕೆಲಸದಿಂದ ಕೈ ತೆರವಾದ ಹೊತ್ತು ‘ಬಿಡುವು’. ತಂಗುವ ಠಾವೂ ವಿರಾಮದ ಹೊತ್ತೂ ಒಂದೇ ಬೇರಿನ ಕುಡಿಗಳೆಂಬುದನ್ನು ನಮ್ಮ ಹಿರಿಯರು ಯಾವ ತತ್ತ್ವವಿಚಾರವೂ ಇಲ್ಲದೆ ಭಾಷೆಯಲ್ಲಿಯೇ ಅಡಗಿಸಿಟ್ಟು ಹೋಗಿದ್ದಾರೆ. ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮಗೆ ಮರಾಠಿಯ ಗಾದೆಯೊಂದೂ ನೆನಪಿಗೆ ಬರುತ್ತದೆ: ಚೇಳಿನ ಬಿಡಾರ ಅದರ ಬೆನ್ನ ಮೇಲೆಯೇ ಇರುತ್ತದೆಯಂತೆ. ಅಲ್ಲಿ ಬಳಸುವ ‘ಬಿರ್‍ಹಾಡ’ ಎಂಬ ಮಾತು ನನ್ನ ಕಿವಿಗೆ ನಮ್ಮ ಬಿಡಾರದ ಒಡಹುಟ್ಟಿನಂತೆಯೇ ಕೇಳಿಸುತ್ತದೆ. ಬ್ಯಾಂಕಿನ ವರ್ಗಾವಣೆಯ ಆಜ್ಞೆಗಳನ್ನು ಹಿಂಬಾಲಿಸಿ ಊರಿಂದೂರಿಗೆ ಸಾಮಾನು ಕಟ್ಟಿದವನಿಗೆ ಈ ಗಾದೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೆನ್ನ ಮೇಲಿನ ಈ ಬಿಡಾರವನ್ನು ಸಂತೋಷಕ್ಕಾಗಿಯೇ ಹೊತ್ತು ತಿರುಗುವ ಪದ್ಧತಿಯೊಂದು ಪಶ್ಚಿಮ ದೇಶಗಳಲ್ಲಿ ಬೆಳೆದು, ಇತ್ತೀಚೆಗೆ ನಮ್ಮ ದೇಶಕ್ಕೂ ಕಾಲಿಟ್ಟಿದೆ. ಅದನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಗಾಲಿಗಳನ್ನೂ ಎಂಜಿನ್ನನ್ನೂ ವರ್ಣಿಸುತ್ತಾರೆ. ನನಗಾದರೋ ಅದರ ಮುಖ್ಯ ಪ್ರಶ್ನೆ ಬೇರೆ ಎಂದು ತೋರುತ್ತದೆ. ರಾತ್ರಿ ಎಲ್ಲಿ ನಿಲ್ಲುವುದು? ನಿಲ್ಲಲು ಅಪ್ಪಣೆ ಕೊಡುವವರು ಯಾರು? ಅಪ್ಪಣೆ ಯಾರಿಗೆ ದೊರೆಯುತ್ತದೆ, ಯಾರಿಗೆ ದೊರೆಯುವುದಿಲ್ಲ?

ಮೊದಲು ಪದಾರ್ಥದ ಪರಿಚಯ. ಎಂಜಿನ್ನುಳ್ಳ ವಾಹನದ ಒಡಲಲ್ಲಿಯೇ ಮಲಗಲು, ಅಡಲು, ಮೀಯಲು ಏರ್ಪಾಡಿದ್ದರೆ ಅದು ಮೋಟಾರು ಮನೆ. ತನಗೆ ಎಂಜಿನ್ನಿಲ್ಲದೆ ಕುದುರೆಯ ಅಥವಾ ಮತ್ತೊಂದು ವಾಹನದ ಹಿಂದೆ ಎಳೆಸಿಕೊಂಡು ಹೋಗುವುದು ಕ್ಯಾರವಾನ್. ಭಾರತದಲ್ಲಿ ಎರಡನ್ನೂ ಕ್ಯಾರವಾನ್ ಎಂದೇ ಕರೆಯುವ ರೂಢಿ ಬಿದ್ದಿದೆ. ಪಾರಸಿಯ ‘ಕಾರವಾನ್’ ಎಂಬುದು ಮರುಭೂಮಿಯನ್ನು ದಾಟುವ ಯಾತ್ರಿಕರ, ವರ್ತಕರ ದೊಡ್ಡ ಗುಂಪು, ಸಂಸ್ಕೃತದಲ್ಲಿ ಹೇಳುವುದಾದರೆ ಸಾರ್ಥ. ಗುಂಪನ್ನು ಬಿಟ್ಟು ಒಬ್ಬಂಟಿಯಾಗಿ ಹೋಗಬಯಸುವವನ ಬಂಡಿಗೆ ಇಂಗ್ಲಿಷರು ಆ ಗುಂಪಿನ ಹೆಸರನ್ನೇ ಅಂಟಿಸಿದುದು ವಿನೋದವಾಗಿದೆ.

ವಿಹಾರಕ್ಕೆಂದೇ ಇಂತಹ ಬಂಡಿಯನ್ನು ಮಾಡಿಸಿಕೊಂಡವರಲ್ಲಿ ಅಗ್ರಗಣ್ಯನು ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಬ್ರಿಟಿಷ್ ನೌಕಾದಳದಲ್ಲಿ ವೈದ್ಯನಾಗಿದ್ದು, ನಿವೃತ್ತಿಯ ಬಳಿಕ ಬಾಲಕರಿಗಾಗಿ ಸಾಹಸದ ಕಥೆಗಳನ್ನು ಬರೆದು ಹೆಸರಾದ ಸ್ಕಾಟ್ಲೆಂಡಿನವನು. ಬ್ರಿಸ್ಟಲ್ ವ್ಯಾಗನ್ ವರ್ಕ್ಸ್ ಕಂಪನಿಯಿಂದ ಮಹಾಗನಿ ಮರದ ಬಂಡಿಯೊಂದನ್ನು ಕಟ್ಟಿಸಿ, ಅದಕ್ಕೆ ‘ವಾಂಡರರ್’ ಎಂದು ಹೆಸರಿಟ್ಟು, ೧೮೮೫ರ ಬೇಸಿಗೆಯಲ್ಲಿ ಬರ್ಕ್‌ಷೈರಿನ ಟ್ವೈಫೋರ್ಡ್ ಎಂಬ ಹಳ್ಳಿಯಿಂದ ಹೊರಟು ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದನು. ಸಾಮಾನು ತುಂಬಿದಾಗ ಸುಮಾರು ಎರಡು ಟನ್ನು ತೂಗುತ್ತಿದ್ದ ಆ ಬಂಡಿಯನ್ನು ಎಳೆಯಲು ಎರಡು ಕುದುರೆಗಳು. ಜೊತೆಗೆ ಸಾರಥಿ, ಊಳಿಗದವನು, ಒಂದು ದೊಡ್ಡ ನಾಯಿ, ಒಂದು ಗಿಳಿ. ಊಳಿಗದವನು ಮೂರು ಗಾಲಿಯ ಸೈಕಲ್ಲಿನ ಮೇಲೆ ಮುಂದೆ ಹೋಗಿ, ಇಕ್ಕಟ್ಟಾದ ದಾರಿಗಳಲ್ಲಿ ಎದುರಿನಿಂದ ಬರುವವರಿಗೆ ಎಚ್ಚರಿಕೆ ಹೇಳುತ್ತಿದ್ದನು. ಈ ಪ್ರವಾಸದ ಕಥನ ೧೮೮೬ರಲ್ಲಿ ಪ್ರಕಟವಾಯಿತು. ತಾನು ಕ್ರಮಿಸಿದ ದಾರಿ ೧,೩೦೦ ಮೈಲಿ ಎಂಬುದನ್ನು ಅವನು ಪುಸ್ತಕದ ಹೆಸರಿನಲ್ಲಿಯೇ ಸೇರಿಸಿದ್ದಾನೆ. ೧೯೦೭ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾರವಾನ್ ಕ್ಲಬ್ ಸ್ಥಾಪನೆಯಾದಾಗ ಅದರ ಉಪಾಧ್ಯಕ್ಷಸ್ಥಾನ ಅವನಿಗೆ ಸಂದಿತು.

ಸ್ಟೇಬಲ್ಸನ ಬಿಡುವು ಇಬ್ಬರು ಆಳುಗಳ ದುಡಿಮೆಯ ಮೇಲೆ ನಿಂತಿತ್ತೆಂಬುದನ್ನು ಮರೆಯಲಾಗದು. ಆದರೂ ಅವನ ಕ್ರಮದಲ್ಲಿ ನಮ್ಮ ಗಮನಕ್ಕೆ ಯೋಗ್ಯವಾದ ಅಂಶವೊಂದಿದೆ. ಕುದುರೆಗೆ ಹುಲ್ಲು, ನೀರು, ವಿಶ್ರಾಂತಿ ಬೇಕು. ಆದುದರಿಂದ ಸಂಜೆಯಾದೊಡನೆ ಹಳ್ಳಿಯ ಪಥಿಕಾಲಯದ ಅಂಗಳವನ್ನೋ ರೈತನ ಹುಲ್ಲುಗಾವಲನ್ನೋ ಕೇಳಿ ಪಡೆಯಲೇಬೇಕು. ಕೇಳುವಾಗ ನಾಲ್ಕು ಮಾತು ಆಡಲೇಬೇಕು. ನಾಡಿನ ಒಳಭಾಗದ ಪರಿಚಯ ಅವನಿಗೆ ಆದುದು ಕಿಟಕಿಯ ಮೂಲಕ ಎಷ್ಟೋ, ಈ ಕೇಳುವಿಕೆಯ ಮೂಲಕವೂ ಅಷ್ಟೇ.

ಅದೇ ಕಾಲದ ಇಂಗ್ಲೆಂಡಿನಲ್ಲಿ ಸ್ಟೇಬಲ್ಸನಿಗಿಂತ ಮೊದಲೇ ಗಾಲಿಯ ಮೇಲೆ ವಾಸವಾಗಿದ್ದವರು ರೋಮಾನಿ ಜನ, ಇಂಗ್ಲಿಷರು ಜಿಪ್ಸಿಗಳೆಂದು ಕರೆದವರು. ಅವರ ಪೂರ್ವಿಕರು ಭಾರತದಿಂದ ಹೊರಟವರೆಂಬುದು ಭಾಷಾಶಾಸ್ತ್ರದಿಂದ ಸ್ಥಿರಪಟ್ಟಿದೆ. ಅವರ ನುಡಿಯಲ್ಲಿ ನೀರು ‘ಪಾನಿ’. ಒಂದು, ಎರಡು, ಮೂರು ಎಂಬುವು ‘ಯೇಕ್, ದುಯಿ, ತ್ರಿನ್’. ಇಂಡೋ-ಆರ್ಯ ಭಾಷೆಗಳ ನಡುವೆ ಆ ನುಡಿಯ ಸ್ಥಾನ ಯಾವುದೆಂಬುದನ್ನು ರಾಲ್ಫ್ ಟರ್ನರ್ ೧೯೨೬ರಲ್ಲಿ ವಿವೇಚಿಸಿದ್ದಾರೆ. ಶ್ರೀಮಂತರು ವಿಹಾರದ ಬಂಡಿಗಳನ್ನು ಕಟ್ಟಿಸತೊಡಗಿದ ಆ ದಶಕದಲ್ಲಿಯೇ, ಕೋಲ್ವಿಲ್ಲಿನ ಜಾರ್ಜ್ ಸ್ಮಿತ್ ಎಂಬ ಸುಧಾರಕನು ಅಲೆಮಾರಿಗಳ ಬಂಡಿಗಳನ್ನು ನೋಂದಾಯಿಸಿ ತಪಾಸಣೆಗೆ ಒಳಪಡಿಸುವ ಮಸೂದೆಗಾಗಿ ಹೋರಾಡುತ್ತಿದ್ದನು. ಇಟ್ಟಿಗೆಯ ಗೂಡುಗಳಲ್ಲಿ ದುಡಿಯುತ್ತಿದ್ದ ಮಕ್ಕಳಿಗೂ ಕಾಲುವೆಯ ದೋಣಿಗಳಲ್ಲಿ ವಾಸಿಸುವವರಿಗೂ ಕಾನೂನಿನ ರಕ್ಷಣೆ ದೊರಕಿಸುವುದರಲ್ಲಿ ಶ್ರಮಿಸಿದ್ದ ಆತನ ಉದ್ದೇಶ ಕೆಟ್ಟದ್ದೆನ್ನಲಾರೆ. ಆ ಮಸೂದೆ ಪಾರ್ಲಿಮೆಂಟಿನಲ್ಲಿ ಪಾಸಾಗಲಿಲ್ಲ. ಒಂದೇ ಬಗೆಯ ಬಂಡಿ ಒಬ್ಬನ ಕೈಯಲ್ಲಿ ವಿಹಾರದ ಸಾಧನವೆಂದೂ ಇನ್ನೊಬ್ಬನ ಕೈಯಲ್ಲಿ ಸಾಮಾಜಿಕ ಸಮಸ್ಯೆಯೆಂದೂ ಎಣಿಕೆಯಾಗುವ ಕ್ರಮ ಮಾತ್ರ ಅಲ್ಲಿಂದ ಮುಂದೆ ನೇರವಾಗಿ ಸಾಗಿ ಬಂದಿದೆ.

ಕುದುರೆಯಿಂದ ಯಂತ್ರಕ್ಕೆ ಆದ ಬದಲಾವಣೆಯನ್ನು ಸಾಹಿತ್ಯ ಮೊದಲೇ ಕಲ್ಪಿಸಿಕೊಂಡಿತ್ತು. ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್ ೧೮೮೦ರಲ್ಲಿ ಪ್ರಕಟಿಸಿದ ‘ಹಬೆಯ ಮನೆ’ ಎಂಬ ಕಾದಂಬರಿಯ ರಂಗಭೂಮಿ ನಮ್ಮ ದೇಶವೇ. ಆನೆಯ ಆಕಾರದ ಹಬೆಯಂತ್ರವೊಂದು ಎರಡು ಗಾಲಿಮನೆಗಳನ್ನು ಎಳೆದುಕೊಂಡು ಕಲಕತ್ತೆಯಿಂದ ಹೊರಟು ಹಿಮಾಲಯದ ಕಡೆಗೆ ಸಾಗುತ್ತದೆ. ಅದನ್ನು ನಿರ್ಮಿಸಿದವನ ಹೆಸರು ಬ್ಯಾಂಕ್ಸ್. ಹೆಸರನ್ನು ಕಂಡು ನಮ್ಮ ವೃತ್ತಿಯವನೆಂದು ಕ್ಷಣಕಾಲ ಹಿಗ್ಗಿದ್ದೆ, ಆತ ಎಂಜಿನಿಯರ್. ಇನ್ನು ಕೆನೆತ್ ಗ್ರೇಮ್ ೧೯೦೮ರಲ್ಲಿ ಬರೆದ ಮಕ್ಕಳ ಕಥೆಯಲ್ಲಿ ಕಪ್ಪೆರಾಯನೊಬ್ಬನು ಹಳದಿ ಬಣ್ಣದ ಕ್ಯಾರವಾನಿನಲ್ಲಿ ಹಳ್ಳಿಗಾಡಿನ ಸಂಚಾರಕ್ಕೆ ಹೊರಡುತ್ತಾನೆ. ವೇಗವಾಗಿ ಬಂದ ಮೋಟಾರು ಕಾರಿಗೆ ಕುದುರೆ ಬೆದರಿ ಬಂಡಿ ಹಳ್ಳಕ್ಕೆ ಬೀಳುತ್ತದೆ. ಕಪ್ಪೆರಾಯನಿಗೆ ಕೋಪ ಬರುವುದಿಲ್ಲ, ಕಾರಿನ ಮೋಹ ಹಿಡಿಯುತ್ತದೆ. ಆ ಶತಮಾನದಲ್ಲಿ ಮುಂದೆ ನಡೆದುದೆಲ್ಲ ಆ ಪುಟದಲ್ಲಿಯೇ ಇದೆ.

೧೯೧೦ರಲ್ಲಿ ಅಮೆರಿಕದ ಪಿಯರ್ಸ್-ಆರೋ ಕಂಪನಿ ಹಿಂದಿನ ಆಸನ ಹಾಸಿಗೆಯಾಗುವ, ಕೈತೊಳೆಯುವ ತೊಟ್ಟಿಯನ್ನು ಮಡಿಸಿಡಬಹುದಾದ ಮೋಟಾರೊಂದನ್ನು ನ್ಯೂಯಾರ್ಕಿನಲ್ಲಿ ಪ್ರದರ್ಶಿಸಿತು. ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಕಂಪನಿ ೧೯೫೧ರಿಂದ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಕೂಡಿಸುವ ಶಿಬಿರದ ಪೆಟ್ಟಿಗೆಯನ್ನು ಮಾಡಿತು. ಮಧ್ಯಮ ವರ್ಗದವರ ಕೈಗೆ ಈ ಹವ್ಯಾಸ ಬಂದುದು ಅಲ್ಲಿಂದ. ೧೯೬೬ರಲ್ಲಿ ಅಮೆರಿಕದ ಅಯೋವಾ ಸಂಸ್ಥಾನದ ಫಾರೆಸ್ಟ್ ಸಿಟಿಯಲ್ಲಿ ವಿನೆಬಾಗೊ ಕಂಪನಿ ಮೋಟಾರು ಮನೆಗಳನ್ನು ಕಾರುಗಳಂತೆ ಸಾಲಾಗಿ ಜೋಡಿಸಿ ಅಗ್ಗದಲ್ಲಿ ಮಾರತೊಡಗಿತು.

ಈ ವಾಹನದ ಒಳಗಿನ ರಚನೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಬಿಡುವಿಗೆ ಮಿತಿ ಎಷ್ಟೆಂಬುದನ್ನು ನಿರ್ಣಯಿಸುವುದು ಅದೇ. ಇಂದಿನ ಮೋಟಾರು ಮನೆಯಲ್ಲಿ ಎರಡು ಬ್ಯಾಟರಿಗಳಿರುತ್ತವೆ. ಒಂದು ಎಂಜಿನ್ನನ್ನು ಚಾಲೂ ಮಾಡುವುದಕ್ಕೆ: ಕ್ಷಣಮಾತ್ರ ಬಹಳ ಬಲವಾದ ವಿದ್ಯುತ್ತನ್ನು ಕೊಟ್ಟು ಸುಮ್ಮನಾಗುವಂಥದು. ಇನ್ನೊಂದು ದೀಪ, ನೀರಿನ ಪಂಪು, ಬೀಸಣಿಗೆಗಳಿಗಾಗಿ ಗಂಟೆಗಟ್ಟಲೆ ಮೆಲ್ಲಗೆ ವಿದ್ಯುತ್ತನ್ನು ಕೊಡುತ್ತ, ಬಹುಮಟ್ಟಿಗೆ ಬರಿದಾಗಿ ಮತ್ತೆ ತುಂಬಿಕೊಳ್ಳಬಲ್ಲಂಥದು. ಇಂಗ್ಲಿಷರು ಈ ಎರಡನೆಯದನ್ನು ‘ಲೀಷರ್ ಬ್ಯಾಟರಿ’ ಎನ್ನುತ್ತಾರೆ. ನಾವು ಬಿಡುವಿನ ಬ್ಯಾಟರಿ ಎನ್ನೋಣ. ವಾಹನ ಓಡುವಾಗ ಎರಡೂ ಎಂಜಿನ್ನಿನಿಂದ ತುಂಬಿಕೊಳ್ಳುತ್ತವೆ. ನಿಂತೊಡನೆ ನಡುವಿನ ಕೊಂಡಿ ಕಡಿದು ಎರಡೂ ಬೇರೆಯಾಗುತ್ತವೆ. ಇಲ್ಲವಾದರೆ ರಾತ್ರಿಯ ಸುಖಕ್ಕೆ ಬೆಳಗಿನ ಪ್ರಯಾಣವನ್ನೇ ತೆರಬೇಕಾದೀತು. ಚಾಲ್ತಿ ಖಾತೆಯನ್ನೂ ಉಳಿತಾಯ ಖಾತೆಯನ್ನೂ ಬೆರೆಸಬಾರದೆಂಬ ನಮ್ಮ ಹಳೆಯ ಹಿತವಚನ ಇಲ್ಲಿ ತಂತಿಯ ರೂಪವನ್ನು ತಾಳಿದೆ. ಈಚೆಗೆ ಮಾಳಿಗೆಯ ಮೇಲೆ ಸೌರಫಲಕವಿರುವುದರಿಂದ ಬಿಸಿಲಿರುವವರೆಗೆ ವಿದ್ಯುತ್ತಿನ ಚಿಂತೆಯಿಲ್ಲ.

ನಿಜವಾದ ಮಿತಿ ನೀರಿನದು. ಸಾಧಾರಣ ಗಾತ್ರದ ವಾಹನದಲ್ಲಿ ನೂರು ಲೀಟರಿನಷ್ಟು ಶುದ್ಧಜಲ ಹಿಡಿಯುತ್ತದೆ. ಮುಂಬಯಿಯ ಚಾಳಿನಲ್ಲಿ ಬೆಳಗಿನ ನಲ್ಲಿಯ ನೀರನ್ನು ಪಿಪಾಯಿಯಲ್ಲಿ ತುಂಬಿಟ್ಟು ಬಾಳಿದವರಿಗೆ ಈ ಲೆಕ್ಕ ಹೊಸದಲ್ಲ. ತೊಳೆದ ಕೊಳೆನೀರಿಗೆ ಕೆಳಗೆ ಬೇರೊಂದು ತೊಟ್ಟಿ. ಶೌಚದ ಪೆಟ್ಟಿಗೆ ಸುಮಾರು ಇಪ್ಪತ್ತು ಲೀಟರಿನದು. ಇಬ್ಬರೇ ಇದ್ದರೂ ಎರಡು ಮೂರು ದಿನಗಳಿಗೊಮ್ಮೆ ಅದನ್ನು ಹೊರತೆಗೆದು, ತಕ್ಕ ಸ್ಥಳದಲ್ಲಿ ಬರಿದುಮಾಡಲೇಬೇಕು. ವರ್ಣಮಯವಾದ ಜಾಹೀರಾತುಗಳಲ್ಲಿ ಈ ಪೆಟ್ಟಿಗೆಯ ಚಿತ್ರ ಎಂದೂ ಕಾಣಿಸುವುದಿಲ್ಲ. ಹಳ್ಳಿಗರಿಗೂ ಮೋಟಾರು ಮನೆಯವರಿಗೂ ಎಲ್ಲ ದೇಶಗಳಲ್ಲಿ ಹುಟ್ಟಿರುವ ಜಗಳದ ಮೂಲದಲ್ಲಿ ಬಹುಪಾಲು ಇದೇ ಇರುತ್ತದೆ. ನ್ಯೂಜಿಲೆಂಡ್ ೨೦೧೧ರಲ್ಲಿ ಬಯಲು ಬಿಡಾರಕ್ಕೆಂದು ಪ್ರತ್ಯೇಕವಾದ ಕಾಯಿದೆಯನ್ನು ಮಾಡಿ, ೨೦೨೩ರಲ್ಲಿ ಅದನ್ನು ಬಿಗಿಗೊಳಿಸಿ, ಸ್ವಯಂಪೂರ್ಣವೆಂದು ಪ್ರಮಾಣಪತ್ರ ಪಡೆಯುವ ವಾಹನದಲ್ಲಿ ಕದಲಿಸಲಾಗದ ಶೌಚದ ಏರ್ಪಾಡು ಇರಲೇಬೇಕೆಂದು ವಿಧಿಸಿತು.

ಸಾಧನವೆಲ್ಲ ಇದ್ದರೂ ನಿಧಾನ ತಾನಾಗಿ ಬರುವುದಿಲ್ಲವೆಂಬುದಕ್ಕೆ ಜಾನ್ ಸ್ಟೈನ್‌ಬೆಕ್ ನಿದರ್ಶನ. ೧೯೬೦ರ ಸೆಪ್ಟೆಂಬರಿನಲ್ಲಿ ಅವರು ಲಾರಿಯೊಂದರ ಮೇಲೆ ಪುಟ್ಟ ಮನೆಯನ್ನು ಕೂಡಿಸಿ, ಅದಕ್ಕೆ ಡಾನ್ ಕಿಹೋಟೆಯ ಕುದುರೆಯ ಹೆಸರಾದ ರೊಸಿನಾಂಟೆ ಎಂದು ನಾಮಕರಣ ಮಾಡಿ, ಚಾರ್ಲಿ ಎಂಬ ನಾಯಿಯೊಡನೆ ತಮ್ಮ ದೇಶವನ್ನು ಕಾಣಲು ಹೊರಟರು. ಡಿಸೆಂಬರಿನೊಳಗೆ ಸುಮಾರು ೧೦,೦೦೦ ಮೈಲಿ ಸುತ್ತಿ ಬಂದರು. ದಿನಕ್ಕೆ ಸರಾಸರಿ ನೂರು ಮೈಲಿಗೂ ಹೆಚ್ಚಾಯಿತು. ಪುಸ್ತಕ ಬಂದುದು ೧೯೬೨ರಲ್ಲಿ, ಅವರಿಗೆ ನೊಬೆಲ್ ಪಾರಿತೋಷಕ ಬಂದ ವರ್ಷ. ಅರ್ಧಶತಮಾನದ ಮೇಲೆ ಬಿಲ್ ಸ್ಟೀಗರ್‌ವಾಲ್ಡ್ ಎಂಬ ಪತ್ರಕರ್ತರು ಅದೇ ದಾರಿಯಲ್ಲಿ ಹೋಗಿ ಪರಿಶೀಲಿಸಿ, ಸ್ಟೈನ್‌ಬೆಕ್ ಆ ಗಾಡಿಯಲ್ಲಿ ಮಲಗಿದ ರಾತ್ರಿಗಳು ಕೆಲವೇ, ಹೋಟೆಲುಗಳಲ್ಲಿ ಕಳೆದವು ಅನೇಕ, ಹೆಂಡತಿಯೂ ಬಹಳ ದಿನ ಜೊತೆಗಿದ್ದರು ಎಂದು ತೋರಿಸಿದರು. ೨೦೧೨ರ ಆವೃತ್ತಿಯ ಪ್ರಸ್ತಾವನೆಯಲ್ಲಿ ಕೃತಿಯಲ್ಲಿ ಕಲ್ಪನೆ ಬೆರೆತಿರುವುದನ್ನು ಒಪ್ಪಲಾಯಿತು. ಇದನ್ನು ಮೋಸವೆನ್ನುವವರಿದ್ದಾರೆ. ನನಗೆ ಕರುಣೆ ಹುಟ್ಟುತ್ತದೆ. ಮನೆಯನ್ನು ಬೆನ್ನಿಗೆ ಕಟ್ಟಿಕೊಂಡೂ ನಿಲ್ಲಲಾರದೆ ಓಡಿದ ಮನುಷ್ಯ ಆತ.

ಇದಕ್ಕೆ ಎದುರಾಗಿ ಅರ್ಜೆಂಟೀನದ ಲೇಖಕ ಹೂಲಿಯೊ ಕೊರ್ತಾಸಾರ್ ಹಾಗೂ ಅವರ ಪತ್ನಿ ಕ್ಯಾರಲ್ ಡನ್ಲಪ್ ೧೯೮೨ರ ಮೇ-ಜೂನ್ ತಿಂಗಳುಗಳಲ್ಲಿ ಕೈಕೊಂಡ ಪ್ರಯಾಣವಿದೆ. ಪ್ಯಾರಿಸಿನಿಂದ ಮಾರ್ಸೇಲಿಗೆ ಹೋಗುವ ಹೆದ್ದಾರಿ ಸುಮಾರು ೮೦೦ ಕಿಲೋಮೀಟರ್. ಒಂದು ಹಗಲಿನಲ್ಲಿ ಮುಗಿಯುವ ದಾರಿ. ಅವರು ತಮ್ಮ ಫೋಕ್ಸ್‌ವ್ಯಾಗನ್ನಿನಲ್ಲಿ ಅದನ್ನು ಒಂದು ತಿಂಗಳಿಗೂ ಮೇಲ್ಪಟ್ಟು ಕ್ರಮಿಸಿದರು. ಹೆದ್ದಾರಿಯನ್ನು ಬಿಟ್ಟು ಹೊರಗೆ ಹೋಗತಕ್ಕುದಲ್ಲ, ದಿನಕ್ಕೆ ಎರಡು ವಿಶ್ರಾಂತಿ ತಾಣಗಳನ್ನು ಮಾತ್ರ ನೋಡತಕ್ಕುದು, ಎರಡನೆಯದರಲ್ಲಿ ಮಲಗತಕ್ಕುದು: ಇವು ಅವರೇ ಹಾಕಿಕೊಂಡ ನಿಯಮಗಳು. ಹೆದ್ದಾರಿಯ ಅಧಿಕಾರಿಗಳಿಗೆ ಅನುಮತಿ ಕೋರಿ ಪತ್ರ ಬರೆದರು, ಉತ್ತರ ಬರಲಿಲ್ಲ. ವೇಗಕ್ಕೆಂದೇ ಕಟ್ಟಿದ ರಸ್ತೆಯ ಅಂಚಿನಲ್ಲಿ ಕುರ್ಚಿ ಹಾಕಿ, ಮರಗಿಡಗಳನ್ನೂ ಇರುವೆಗಳನ್ನೂ ಲಾರಿಯ ಚಾಲಕರನ್ನೂ ಕುರಿತು ದಿನಚರಿ ಬರೆದರು. ಇಬ್ಬರ ಆರೋಗ್ಯವೂ ಆಗ ಕೆಟ್ಟಿತ್ತು. ಅದೇ ವರ್ಷದ ನವೆಂಬರಿನಲ್ಲಿ ಡನ್ಲಪ್ ತೀರಿಕೊಂಡರು. ೧೯೮೩ರಲ್ಲಿ ಪುಸ್ತಕ ಹೊರಬಂದಿತು. ೧೯೮೪ರಲ್ಲಿ ಕೊರ್ತಾಸಾರರೂ ತೀರಿಕೊಂಡರು. ನಿಧಾನವನ್ನು ಕುರಿತು ಇಷ್ಟು ಗಂಭೀರವಾದ ಪ್ರಯೋಗವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಇನ್ನು ನಿಲ್ಲುವ ಅಪ್ಪಣೆಯ ಮಾತು. ಬ್ರಿಟನ್ನಿನ ೧೯೬೦ರ ಕಾಯಿದೆ ಕ್ಯಾರವಾನ್ ನಿಲ್ಲಿಸುವ ಜಮೀನಿಗೆ ಪರವಾನಗಿ ಬೇಕೆಂದು ವಿಧಿಸಿತು, ಜೊತೆಗೆ ಕೆಲವು ವಿನಾಯಿತಿಗಳನ್ನೂ ಇಟ್ಟಿತು. ದಾರಿಯಲ್ಲಿ ಸಾಗುವ ಒಂದು ಬಂಡಿಯನ್ನು ರೈತನು ಎರಡು ರಾತ್ರಿ, ವರ್ಷಕ್ಕೆ ಒಟ್ಟು ೨೮ ದಿನಗಳಿಗೆ ಮೀರದಂತೆ, ಪರವಾನಗಿಯಿಲ್ಲದೆ ನಿಲ್ಲಿಸಿಕೊಳ್ಳಬಹುದು. ಮಾನ್ಯತೆ ಪಡೆದ ಸಂಘಗಳು ಐದು ಬಂಡಿಗಳವರೆಗೆ ಹಿಡಿಯುವ ಚಿಕ್ಕ ತಾಣಗಳಿಗೆ ಪ್ರಮಾಣಪತ್ರ ಕೊಡಬಹುದು. ಆ ದೇಶದ ಹಳ್ಳಿಗಾಡಿನ ನಿಧಾನ ಸಂಚಾರವೆಲ್ಲ ಈ ಐದು ಬಂಡಿಗಳ ಹೊಲದ ಮೂಲೆಗಳ ಮೇಲೆ ನಿಂತಿದೆಯೆಂದರೆ ತಪ್ಪಾಗದು. ಫ್ರಾನ್ಸಿನಲ್ಲಿ ೧೯೯೩ರಲ್ಲಿ ಆರಂಭವಾದ ‘ಫ್ರಾನ್ಸ್ ಪ್ಯಾಶನ್’ ಎಂಬ ಏರ್ಪಾಡಿನಂತೆ ದ್ರಾಕ್ಷಿಯ ಬೆಳೆಗಾರರೂ ರೈತರೂ ಮೋಟಾರು ಮನೆಯವರನ್ನು ಒಂದು ಹಗಲು ಒಂದು ರಾತ್ರಿ ಉಚಿತವಾಗಿ ತಮ್ಮ ಅಂಗಳದಲ್ಲಿ ನಿಲ್ಲಗೊಡುತ್ತಾರೆ. ಕೊಳ್ಳಬೇಕೆಂಬ ಕಟ್ಟಳೆಯಿಲ್ಲ. ಬಂದವರು ಬೆಳಿಗ್ಗೆ ಒಂದು ಗಿಣ್ಣಿನ ತುಂಡನ್ನೋ ಎರಡು ಸೀಸೆಗಳನ್ನೋ ಕೊಂಡರೆ ಇಬ್ಬರಿಗೂ ಸಂತೋಷ.

ಇದೇ ಕಾಲದಲ್ಲಿ ನಿಜವಾಗಿಯೂ ಗಾಲಿಯ ಮೇಲೆ ಬಾಳುವವರಿಗೆ ಆದುದೇನು? ಬ್ರಿಟನ್ನಿನ ೧೯೬೮ರ ಕಾಯಿದೆ ಅವರಿಗೆ ತಾಣಗಳನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. ೧೯೯೪ರ ಕಾಯಿದೆ ಆ ಹೊಣೆಯನ್ನು ತೆಗೆದುಹಾಕಿತು. ೨೦೨೨ರ ಕಾಯಿದೆ ಅಪ್ಪಣೆಯಿಲ್ಲದೆ ವಾಹನದೊಡನೆ ಪರರ ನೆಲದಲ್ಲಿ ವಾಸವಾಗಿದ್ದು, ಹಾನಿಯೋ ತೊಂದರೆಯೋ ಆದಾಗ ಹೇಳಿದರೂ ತೆರಳದಿರುವುದನ್ನು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಅಪರಾಧವೆಂದು ಸಾರಿ, ವಾಹನವನ್ನು ಜಪ್ತಿ ಮಾಡುವ ಅಧಿಕಾರವನ್ನೂ ಪೊಲೀಸರಿಗೆ ಕೊಟ್ಟಿತು. ವಾಹನವೇ ಮನೆಯಾದವನಿಗೆ ಆ ಜಪ್ತಿಯ ಅರ್ಥವೇನೆಂಬುದು ಸ್ಪಷ್ಟ. ಹೊರಹಾಕಿದವರು ಹನ್ನೆರಡು ತಿಂಗಳು ಮರಳಿ ಬರಕೂಡದೆಂಬ ಅದರ ಕಟ್ಟಳೆ ಮಾನವ ಹಕ್ಕುಗಳಿಗೆ ಹೊಂದುವುದಿಲ್ಲವೆಂದು ಅಲ್ಲಿಯ ಉಚ್ಚ ನ್ಯಾಯಾಲಯ ೨೦೨೪ರಲ್ಲಿ ಘೋಷಿಸಿತು. ಫ್ರಾನ್ಸಿನಲ್ಲಿ ೨೦೦೦ದ ಕಾಯಿದೆಯೊಂದು ೫,೦೦೦ಕ್ಕೆ ಮೀರಿದ ಜನಸಂಖ್ಯೆಯ ಊರುಗಳು ಅಲೆಮಾರಿಗಳ ಇಳಿದಾಣಕ್ಕೆ ಪಾಲುಗೊಡಬೇಕೆಂದು ವಿಧಿಸಿದೆ.

ನಾವು ಪರರನ್ನು ತೆಗಳಿ ಸುಮ್ಮನಾಗುವಂತಿಲ್ಲ. ಅನೇಕ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಮಾಡಿದ ೧೮೭೧ರ ಕಾಯಿದೆ, ಮುಂದಿನ ತಿದ್ದುಪಡಿಗಳೊಡನೆ, ಈ ದೇಶದಲ್ಲಿ ರದ್ದಾದುದು ೧೯೫೨ರಲ್ಲಿ. ಚಿತ್ತೋಡ ಪತನವಾದಂದಿನಿಂದ ಸೂರಿನ ಕೆಳಗೆ ಬಾಳೆವೆಂಬ ಪ್ರತಿಜ್ಞೆಯ ಐತಿಹ್ಯವುಳ್ಳ ರಾಜಸ್ಥಾನದ ಗಾಡಿಯಾ ಲೋಹಾರರು ಬಂಡಿಯಲ್ಲಿಯೇ ಹುಟ್ಟಿ ಬಂಡಿಯಲ್ಲಿಯೇ ಸಾಯುತ್ತಿದ್ದವರು. ೧೯೫೫ರ ಏಪ್ರಿಲಿನಲ್ಲಿ ಪಂಡಿತ ನೆಹರೂ ಅವರು ಚಿತ್ತೋಡದಲ್ಲಿ ಅವರನ್ನು ಸ್ವಾಗತಿಸಿ ಕೋಟೆಯೊಳಗೆ ಕರೆದೊಯ್ದರು. ಇಂದಿಗೂ ಊರುಗಳ ಹೊರಭಾಗದಲ್ಲಿ ಅವರ ಬಂಡಿಗಳನ್ನು ಕಾಣಬಹುದು. ಇತ್ತ ೨೦೨೧ರಲ್ಲಿ ಕೇರಳವೂ ಮಹಾರಾಷ್ಟ್ರವೂ ಕ್ಯಾರವಾನ್ ಪ್ರವಾಸೋದ್ಯಮದ ನೀತಿಗಳನ್ನು ಹೊರಡಿಸಿ, ನೀರು, ವಿದ್ಯುತ್ತು, ಶೌಚದ ವ್ಯವಸ್ಥೆಯುಳ್ಳ ಉದ್ಯಾನಗಳಿಗೆ ಪ್ರೋತ್ಸಾಹ ಕೊಡಲು ಮುಂದಾದವು. ಉದ್ಯಾನವಾದರೆ ಬೇಲಿ, ಬೇಲಿಯಾದರೆ ಶುಲ್ಕ. ಹಳ್ಳಿಯನ್ನು ಕಾಣಲು ಹೊರಟವನು ಹಳ್ಳಿಯ ಹೊರಗೆ ಬೇಲಿಯೊಳಗೆ ಮಲಗಬೇಕಾದೀತೆಂಬ ಶಂಕೆ ನನಗಿದೆ. ರೈತನ ಕಣದ ಮೂಲೆಯನ್ನು ಒಂದೆರಡು ರಾತ್ರಿಗೆ ಒಡ್ಡುವ ಸರಳವಾದ ಕ್ರಮ ನಮ್ಮಲ್ಲಿ ಬೇರೂರಿದರೆ ಖರ್ಚು ಕಡಿಮೆ, ಪರಿಚಯ ಹೆಚ್ಚು.

ಈ ಶಂಕೆಗೂ ಈ ಆಸೆಗೂ ಕಾರಣವಾದ ಸ್ವಾನುಭವವನ್ನು ಹೇಳಿ ಮುಗಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಭಾರತ ಹುಣ್ಣಿಮೆಯ ಸುಮಾರಿಗೆ ಪುಣೆಯಲ್ಲಿ ಒಂದು ಮೋಟಾರು ಮನೆಯನ್ನು ಬಾಡಿಗೆಗೆ ಹಿಡಿದು, ಹೆಂಡತಿಯೊಡನೆ ಸವದತ್ತಿಯ ಕಡೆಗೆ ಹೊರಟೆ. ಮೊದಲ ರಾತ್ರಿ ಹೆದ್ದಾರಿಯ ಪಕ್ಕದ ಹೋಟೆಲೊಂದರಲ್ಲಿ ಊಟ ಮಾಡಿ, ಕೇಳಿಯೇ ಅದರ ಅಂಗಳದಲ್ಲಿ ನಿಂತೆವು. ಹನ್ನೊಂದು ಗಂಟೆಗೆ ಕಾವಲುಗಾರ ಬಂದು ಬಾಗಿಲು ತಟ್ಟಿ, ಮಲಗುವುದಾದರೆ ಕೋಣೆ ಹಿಡಿಯಿರಿ, ಇಲ್ಲವಾದರೆ ಗಾಡಿ ತೆಗೆಯಿರಿ ಎಂದ. ಅವನ ತಪ್ಪಲ್ಲ, ಯಜಮಾನರ ಆಜ್ಞೆ. ಉಳಿದ ರಾತ್ರಿಯನ್ನು ಲಾರಿಗಳ ಸಾಲಿನಲ್ಲಿ, ಅವುಗಳ ಗದ್ದಲದಲ್ಲಿ ಕಳೆದೆವು.

ಮರುದಿನ ಬೈಲಹೊಂಗಲವನ್ನು ದಾಟಿ ಮುಂದೆ ಬಂದಾಗ ಸಂಜೆಯಾಗಿತ್ತು. ರಸ್ತೆಯ ತುಂಬ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು, ಟ್ರ್ಯಾಕ್ಟರುಗಳು. ರಸ್ತೆಯಂಚಿನಲ್ಲಿ ನಿಂತು ನಕ್ಷೆಯನ್ನು ನೋಡುತ್ತಿದ್ದ ನನ್ನನ್ನು ಕಂಡು ಹೊಲದ ಯಜಮಾನರೊಬ್ಬರು, “ರಸ್ತೆದಾಗ ಯಾಕ ನಿಂತೀರಿ ಸಾಹೇಬ್ರ? ಕತ್ತಲಾತು. ನಮ್ಮ ಹೊಲದಾಗ ಹಚ್ಚ್ರಿ ಗಾಡಿ,” ಎಂದರು. ಕಟಾವು ಮುಗಿದ ಜೋಳದ ಹೊಲ. ಅಲ್ಲಿ ಆಗಲೇ ನಾಲ್ಕು ಚಕ್ಕಡಿಗಳು ಇಳಿದಿದ್ದವು. ಮೂರು ಕಲ್ಲಿನ ಒಲೆ ಹೊತ್ತಿತ್ತು. ಎತ್ತುಗಳು ಕಣಿಕೆ ತಿನ್ನುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ಮುದುಕಿಯೊಬ್ಬರು ರೊಟ್ಟಿಯನ್ನೂ ಶೇಂಗಾಚಟ್ನಿಯನ್ನೂ ಹಿಡಿದುಕೊಂಡು ಬಂದು, ನಮ್ಮ ಗಾಡಿಯ ಒಳಗನ್ನೆಲ್ಲ ಕಣ್ಣಾಡಿಸಿ, ನೀರಿನ ನಲ್ಲಿಯನ್ನು ತಿರುವಿ ನೋಡಿ, “ಎಲ್ಲಾ ಐತಿ ಬಿಡವಾ. ಕೂಡ ಯಾರೂ ಬರಲಿಲ್ಲೇನು?” ಎಂದು ನನ್ನ ಹೆಂಡತಿಯನ್ನು ಕೇಳಿದರು.

ಬೆಳಿಗ್ಗೆ ನಾವು ಏಳುವ ಹೊತ್ತಿಗೆ ತಂಪಿನಲ್ಲಿಯೇ ಚಕ್ಕಡಿಗಳು ಹೊರಟುಹೋಗಿದ್ದವು. ಒಲೆಯ ಕಲ್ಲುಗಳು, ಬೂದಿ, ಒಂದಿಷ್ಟು ಸಗಣಿ ಉಳಿದಿದ್ದವು. ಯಜಮಾನರಿಗೆ ಬಾಡಿಗೆಯೆಂದು ಹಣ ಕೊಡಹೋದೆ. “ನಿಂತದ್ದಕ್ಕ ರೊಕ್ಕ ತಗೋತಾರೇನ್ರಿ?” ಎಂದು ಅವರು ಕೈ ಹಿಂದೆಗೆದರು. ಕೊಳೆನೀರಿನ ತೊಟ್ಟಿಯನ್ನು ಎಲ್ಲಿ ಬರಿದುಮಾಡಲೆಂದು ಕೇಳಿದಾಗ ಮಾತ್ರ ಸ್ವಲ್ಪ ಯೋಚಿಸಿ, ಬಾವಿಯ ಹತ್ತಿರ ಬೇಡ ಎಂದು, ಹೊಲದ ಕೆಳಬದಿಯ ಬದುವಿನಾಚೆ ಗುಂಡಿಯೊಂದನ್ನು ತೋರಿಸಿ, ಸಲಿಕೆಯನ್ನು ನನ್ನ ಕೈಗೆ ಕೊಟ್ಟರು.